ಕಾರ್ಡಿನಲ್ಲಿ ಇಲ್ಲದ ಕೂಸು

ಅವರ ಅಂಗಿಯ ಮೇಲಿನ ಗುಂಡಿಗಳು ಯಾವಾಗಲೂ ಹೋಗಿರುತ್ತಿದ್ದವು. ಬಗ್ಗಿ ಎದೆ ಬಡಿತ ಕೇಳುವಾಗ ಕೂಸುಗಳು ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗುತ್ತಿದ್ದವು, ಅವರು ಬಿಡಿಸಿಕೊಳ್ಳುತ್ತಿರಲಿಲ್ಲ. ಗುಂಡಿ ಕಿತ್ತು ಬಂದರೆ, ಅದು ಬಾಯಿಗೆ ಹೋಗುವ ಮೊದಲು ಮುಷ್ಟಿ ಬಿಚ್ಚಿ ತೆಗೆದುಕೊಂಡು ಮತ್ತೆ ಬಗ್ಗುತ್ತಿದ್ದರು. ಶಹಾಪುರದ ಒಂದು ಓಣಿಯಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಆ ಮಕ್ಕಳ ಡಾಕ್ಟರನ್ನು ನಾವೆಲ್ಲ ಸಾಹೇಬ್ರು ಅಂತಲೇ ಕರೆಯುತ್ತಿದ್ದೆವು.

ನಾನು ಪಕ್ಕದ ಗೋಗಿ ಊರಿನ ಗೌಂಡಿ. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು ಕರಣಿ ಹಿಡಿದೆ. ನಾನು ಕಟ್ಟಿದ ಗೋಡೆಗೆ ಇವತ್ತಿನವರೆಗೆ ಯಾರೂ ಹೆಸರಿಟ್ಟಿಲ್ಲ. ಯಾರ ಮುಂದೂ ಕೈ ಚಾಚಿದವನಲ್ಲ. ನಮ್ಮ ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಹಾಲು ಕುಡಿಯುವಾಗ ಅವಳ ಹಣೆ ಬೆವರುತ್ತಿತ್ತು. ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತಿದ್ದಳು, ತೇಕುತ್ತಿದ್ದಳು. ಊರಲ್ಲಿ ಮಾಡಿಸಿದ ಸೂಜಿಯಿಂದ ಏನೂ ಆಗಲಿಲ್ಲ. ಒಂದು ದಿನ ಆಟೋದಲ್ಲಿ ಮಗ್ಗುಲಿಗೆ ಕೂತಿದ್ದ ಹೆಣ್ಣುಮಗಳೊಬ್ಬಳು ಕೂಸನ್ನು ನೋಡಿ, ಶಹಾಪುರದಲ್ಲಿ ಒಬ್ಬರಿದ್ದಾರೆ, ದೊಡ್ಡವರನ್ನು ಬೈಯುತ್ತಾರೆ, ಮಕ್ಕಳನ್ನು ಚಲೋ ನೋಡುತ್ತಾರೆ ಎಂದಳು.

ಹೋದೆವು. ಬೈದರು. ನನ್ನ ಹೆಂಡತಿಗೆ ಅಲ್ಲೇ ಕೂತು ಹಾಲು ಕುಡಿಸಲು ಹೇಳಿ, ಫ್ಯಾನ್ ಬಂದ್ ಮಾಡಿಸಿ, ಎಲ್ಲರೂ ಸುಮ್ಮನಿರುವಂತೆ ಕೈ ಎತ್ತಿ, ಕೂಸಿನ ಉಸಿರು ಎಣಿಸತೊಡಗಿದರು. ತುಟಿ ಮಾತ್ರ ಅಲುಗುತ್ತಿತ್ತು. ನಾನು ತಡೆಯಲಾರದೆ, ಒಂದು ಸೂಜಿ ಮಾಡಿಬಿಡ್ರಿ, ಕೆಲಸಕ್ಕೆ ಹೋಗಬೇಕು ಎಂದೆ.

“ಗೋಡಿ ಬಿರುಕು ಬಿಟ್ರ ನೀ ಮ್ಯಾಲ ಸುಣ್ಣ ಹಚ್ಚಿ ಹೋಗ್ತಿ ಏನಪಾ ಗೌಂಡಿ? ಸುಮ್ನ ನಿಂದ್ರು.”

ಅವರು ಹೇಳಿದಂತೆ ಕಲಬುರಗಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದೆವು. ಕೂಸಿನ ಹೃದಯದಲ್ಲಿ ತೂತಿತ್ತು. ಆಪರೇಷನ್ ಆಗಲೇಬೇಕು, ಚಳಿಗಾಲ ಬಂದು ಎದೆಗೆ ಕಫ ಕಟ್ಟಿದರೆ ಕಷ್ಟ ಎಂದರು ಸಾಹೇಬ್ರು. ನಾನು ಜೇಬಿನಿಂದ ಸರ್ಕಾರದ ಆರೋಗ್ಯ ಕಾರ್ಡು, ರೇಷನ್ ಕಾರ್ಡು ಎಲ್ಲ ತೆಗೆದು ಮೇಜಿನ ಮೇಲಿಟ್ಟೆ. ಇಟ್ಟ ಮೇಲೆ ನಾಚಿಕೆಯಾಗಿ, ಪುಕ್ಕಟೆ ನನಗೆ ಬೇಡ ಅಂತಲೂ ಅಂದೆ. ನೀನು ಕೊಂಡ ಒಂದೊಂದು ಸಿಮೆಂಟ್ ಚೀಲದಲ್ಲೂ ಸರ್ಕಾರ ತನ್ನ ಪಾಲು ಮುರಿದುಕೊಂಡಿದೆ, ಇದು ಪುಕ್ಕಟೆ ಹೆಂಗಾಯಿತು ಎಂದು ಕೇಳಿದರು. ತಮ್ಮ ದವಾಖಾನೆ ಆ ಕಾರ್ಡಿನ ಯೋಜನೆಯಲ್ಲಿ ಸೇರಿಲ್ಲ, ಸೇರಿದ್ದರೂ ಹೃದಯ ಕೊಯ್ಯುವವರು ತಾವಲ್ಲ ಎಂದು ಹೇಳಿ, ನನ್ನೆದುರಿಗೇ ದೊಡ್ಡ ಆಸ್ಪತ್ರೆಗೆ ಫೋನ್ ಹಚ್ಚಿದರು. ನೀವು ಸೇರಿದ್ದೀರೇನು ಎಂದಷ್ಟೇ ಕೇಳಲಿಲ್ಲ, ಈ ಆಪರೇಷನ್ನಿಗೆ ಸೇರಿದ್ದೀರೇನು ಎಂದು ಕೇಳಿದರು. ಹೌದು ಎಂಬ ಉತ್ತರ ಬಂದ ಮೇಲೆ ನನ್ನ ಕಾರ್ಡುಗಳನ್ನು ನೋಡಿದರು.

“ನೀ ಅದಿ, ನಿನ್ನ ಹೆಂಡ್ತಿ ಅದಾಳ, ನಿಮ್ಮವ್ವ ಅದಾಳ. ಕೂಸೆಲ್ಲಿ?”

ಮನೆಗೊಂದು ಕಾರ್ಡಿದ್ದರೆ ಹುಟ್ಟಿದ ಮಕ್ಕಳೂ ಅದರಲ್ಲೇ ಬಂದರು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಕೂಸಿನ ಹೆಸರು ಮೊದಲು ರೇಷನ್ ಕಾರ್ಡಿಗೆ ಏರಬೇಕು, ಆಮೇಲೆ ಅದಕ್ಕೂ ಆರೋಗ್ಯ ಕಾರ್ಡು.

ಆದರೆ ಕೂಸಿಗೆ ಹೆಸರೇ ಇರಲಿಲ್ಲ. ಅವಳಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸು ನಮಗೆ ಉಳಿದಿರಲಿಲ್ಲ. ಹಾಗಾದ ಮನೆಯಲ್ಲಿ, ಸಾವಿನ ಕಣ್ಣು ಬೀಳದಿರಲಿ ಎಂದು, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ, ಯಾರಿಗೂ ಬೇಡವಾದದ್ದು ಅನ್ನುವಂತೆ ಎತ್ತಿಕೊಂಡು, ತಿಪ್ಪಿ ಎಂದು ಕರೆಯುತ್ತಾರೆ. ಮೂರು ವರ್ಷಕ್ಕೆ ಬಿದ್ದ ಮೇಲೆ ಮನೆದೇವರಿಗೆ ಹೋಗಿ, ಹುಟ್ಟುಗೂದಲು ಬೋಳಿಸಿ ಜವಳ ತೆಗೆಸಿ ಒಳ್ಳೆಯ ಹೆಸರಿಡುವುದು. ಅಲ್ಲಿಯವರೆಗೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಬರೆಯುವ ಹಾಗಂತೂ ಇಲ್ಲವೇ ಇಲ್ಲ. ಅವ್ವನ ಕಟ್ಟಪ್ಪಣೆ ಅದು. ರೇಷನ್ ಕಾರ್ಡು ಇದ್ದದ್ದೂ ಅವ್ವನ ಹೆಸರಿನಲ್ಲೇ. ಅವಳು ಬಂದು ಹೆಬ್ಬೆರಳು ಒತ್ತದೆ ಕೂಸು ಅದರಲ್ಲಿ ಸೇರುವಂತಿರಲಿಲ್ಲ.

ನಾನು ಒದರಾಡಿದೆ. ಅವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಸಾಹೇಬ್ರು ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಹೆಸರು ಹಚ್ಚಿದೆಯಾ ಎನ್ನುವುದೊಂದೇ ಮಾತು. ನಾನು ಇಲ್ಲ ಅನ್ನುತ್ತಿದ್ದೆ, ಅವರು ಫೋನ್ ಇಟ್ಟುಬಿಡುತ್ತಿದ್ದರು. ಕೂಸಿನ ತುಟಿ ಅಳುವಾಗ ನೀಲಿಗಟ್ಟತೊಡಗಿತು. ಅದನ್ನು ಹೇಳಿದ ದಿನ, ಅವ್ವನನ್ನು ಕರೆದುಕೊಂಡು ಬಾ ಎಂದರು.

ಅವ್ವ ಒಳಗೆ ಬಂದವಳು ಕೂರಲಿಲ್ಲ. “ಸಾಹೇಬ್ರ, ಎರಡಕ್ಕೂ ಚೆಂದ ಚೆಂದ ಹೆಸರಿಟ್ಟು ಊರೆಲ್ಲ ಕೇಳೂಹಂಗ ಕರದೆ. ಎರಡನ್ನೂ ಇದೇ ಕೈಲೆ ಮಣ್ಣಿಗಿಟ್ಟೆ. ಇದನ್ನ ಕರಿಯಂಗಿಲ್ಲ.”

ಈಗ ಬೈಗುಳ ಬಿತ್ತು ಎಂದುಕೊಂಡೆ. ಅವರು ಬೈಯಲಿಲ್ಲ. ಕೂಸಿನ ಎದೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದರು.

“ಈಗ ಏನಂತ ಕರೀತಿ ಯವ್ವಾ?”

“ತಿಪ್ಪಿ ಅಂತೀನ್ರಿ.”

“ಅದನ್ನ ಬರಸು, ತಿಪ್ಪಮ್ಮ ಅಂತ. ಚೆಂದಂದು ನಿನ್ನ ಹೊಟ್ಟ್ಯಾಗ ಇರಲಿ.”

ಅವ್ವ ಅವರ ಮುಖವನ್ನೇ ನೋಡಿದಳು. ಅಷ್ಟು ದಿನ ಬಾಯಿ ಬಿಡದ ನನ್ನ ಹೆಂಡತಿ ಆಗ ಸಣ್ಣಗೆ, “ನಾಳಿ ಸಾಲ್ಯಾಗ ನಗ್ತಾರ್ರೀ,” ಎಂದಳು.

“ನಗಲಿ. ಸಾಲಿಗೆ ಹೋಗಾಕ ಮೊದಲ ಆಕಿ ಇರಬೇಕಲ್ಲವಾ.”

ಮರುದಿನ ಅವ್ವ ನನಗಿಂತ ಮೊದಲು ಹೊಸ್ತಿಲ ಹೊರಗೆ ನಿಂತಿದ್ದಳು. ಶಹಾಪುರದ ಕಚೇರಿಯಲ್ಲಿ ಯಂತ್ರ ಅವಳ ಸವೆದ ಬೆರಳಿನ ಗುರುತು ಹಿಡಿಯಲೊಲ್ಲದಾಯಿತು. ಅವಳು ಸೆರಗಿನಿಂದ ಬೆರಳು ಒರೆಸಿಕೊಂಡು ಒತ್ತುತ್ತಿದ್ದಳು, ಬಾಯಲ್ಲಿ ಮನೆದೇವರ ಹೆಸರು. ಕೊನೆಗೂ ಹಿಡಿಯಿತು. ಅದಾದ ಮೇಲೂ ಕಾಯುವುದಿತ್ತು, ಚಳಿ ಆಗಲೇ ಬಿದ್ದಿತ್ತು. ಆಸ್ಪತ್ರೆಯಿಂದ ಕರೆ ಬರುವವರೆಗೆ ನಾವು ಸರದಿ ಮೇಲೆ ಎಚ್ಚರವಿದ್ದು ಕೂಸಿನ ಉಸಿರು ನೋಡಿದೆವು. ಆಪರೇಷನ್ ಆಯಿತು, ಕೂಸು ಉಳಿಯಿತು. ತೋರಿಸಲು ಹೋದಾಗ ಸಾಹೇಬ್ರು ಮತ್ತೆ ಫ್ಯಾನ್ ಬಂದ್ ಮಾಡಿಸಿ ಉಸಿರು ಎಣಿಸಿದರು. ಮುಗಿದ ಮೇಲೆ ಮುಂದಿನವರನ್ನು ಕರೆದರು. ಅವರು ಬೈಯದೆ ಕಳಿಸಿದರೆ ಎಲ್ಲ ಸರಿಯಿದೆ ಎಂದು ಅಷ್ಟರಲ್ಲಿ ನಮಗೆ ತಿಳಿದಿತ್ತು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಕೊಡಲು ಹೋದಾಗ ಅಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡವರೇ ಹೆಚ್ಚು.

ಈಗ ಗೋಗಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ನಾನು ಹೋಗಿ, ಕಾರ್ಡಿನಲ್ಲಿ ಕೂಸು ಸೇರಿತೇ ಎಂದು ಕೇಳುತ್ತೇನೆ. ಹಸಿಗೂಸಿನ ಮನೆಗೆ ಬಂದು ದವಾಖಾನೆಯ ಮಾತೆತ್ತುತ್ತಾನೆ ಎಂದು ಕೆಲವರು ಸಿಡುಕುತ್ತಾರೆ. ಜವಳವಾಗಿಲ್ಲ, ಹೆಸರಿಟ್ಟಿಲ್ಲ ಅನ್ನುವವರೂ ಇದ್ದಾರೆ. ಜೊತೆಗೆ ಬಂದ ಅವ್ವ ನನ್ನನ್ನು ಹಿಂದೆ ಸರಿಸಿ ಮುಂದೆ ಹೋಗುತ್ತಾಳೆ.

“ಮನ್ಯಾಗ ಕರಿಯೋದೊಂದು ಇರ್ತದಲ್ಲ,” ಅನ್ನುತ್ತಾಳೆ. “ಅದನ್ನ ಬರಸ್ರಿ.”