ಕಿಟಕಿ ಉಟ್ಟ ಸೀರೆ

ದೀಪಾವಳಿಗೆ ಬಂದ ನಮ್ಮ ಬೀಗತಿ ಹಾಲ್‌ಗೆ ನಡೆದು ಕಿಟಕಿಯ ಪಕ್ಕ ನಿಂತರು. ನಿಂತವರು ಕಾಣದಾದರು.

ಉತ್ಪ್ರೇಕ್ಷೆ ಅಲ್ಲ. ಒಂದು ಮುಖ, ಎರಡು ಕೈ, ಕೈಯಲ್ಲೊಂದು ಸ್ವೀಟ್ ಬಾಕ್ಸ್. ಅಷ್ಟು ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಉಳಿದ ಬೀಗತಿ ನಮ್ಮ ಮನೆಯ ಪರದೆಯೊಳಗೆ ಕರಗಿಹೋಗಿದ್ದರು. ಏಕೆಂದರೆ ಅವರು ಉಟ್ಟ ಸೀರೆ ಮತ್ತು ನಮ್ಮ ಕಿಟಕಿ ಉಟ್ಟ ಪರದೆ ಎರಡೂ ಒಂದೇ. ಅದೇ ಗಿಳಿಹಸಿರು. ಅದೇ ಸಾಸಿವೆ ಬಣ್ಣದ ಅಂಚು. ಅಂಚಿನಲ್ಲಿ ಸೊಂಡಿಲೆತ್ತಿ ಸಾಲಾಗಿ ಹೊರಟ ಅವೇ ಆನೆಗಳು.

ಇದೆಲ್ಲ ಹೇಗಾಯಿತು ಎಂದು ಹೇಳುವ ಮೊದಲು ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ತಪ್ಪು ನನ್ನದಲ್ಲ. ಯೂಟ್ಯೂಬಿನದು.

ನಮ್ಮ ಮಗಳು ಅಕ್ಷತಾಳ ಮದುವೆ ಈ ಬೇಸಿಗೆಯಲ್ಲಿ ಆಯಿತು. ಗಂಡನ ಮನೆ ಕಿರವತ್ತಿ. ಹೈವೇ ಬದಿಗೆ ಅವರದೊಂದು ಖಾನಾವಳಿ. ಲಾರಿ ಡ್ರೈವರ್‌ಗಳಿಂದ ಹಿಡಿದು ಗೋಕರ್ಣಕ್ಕೆ ಹೊರಟ ಕಾರಿನವರವರೆಗೆ ಎಲ್ಲರೂ ಅಲ್ಲಿ ಇಳಿದು ಖಡಕ್ ರೊಟ್ಟಿ, ಎಣ್ಣೆಗಾಯಿ ಉಂಡು ಮುಂದೆ ಹೋಗುತ್ತಾರೆ. ಅಡುಗೆಮನೆಯ ಒಡತಿ ನೀಲಕ್ಕ. ಅಳಿಯ ಪ್ರವೀಣನ ತಾಯಿ. ಅಂದರೆ ನನ್ನ ಬೀಗತಿ. (ಬೀಗರು ಕ್ಯಾಶ್ ಕೌಂಟರ್ ಬಿಟ್ಟು ಕದಲುವವರಲ್ಲ. ಮಗನ ಮದುವೆಯ ದಿನವೂ ಎರಡು ಸಲ ಖಾನಾವಳಿಗೆ ಫೋನ್ ಮಾಡಿ ರೊಟ್ಟಿ ಖರ್ಚಾಯಿತೇ ಎಂದು ಕೇಳಿದವರು.)

ಅಳಿಯನ ಮೊದಲ ದೀಪಾವಳಿ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಮಗಳು, ಅಳಿಯ ಬರುತ್ತಾರೆ. ಜೊತೆಗೆ ನೀಲಕ್ಕನೂ ಬರುತ್ತಾರಂತೆ ಎಂದು ಸುದ್ದಿ ಬಂತು. ಬೀಗತಿ ಮೊದಲ ಸಲ ನಮ್ಮ ಮನೆಯ ಹೊಸ್ತಿಲು ದಾಟುವುದು! ನಾನು ತಕ್ಷಣ ಹಾಲ್ ನೋಡಿದೆ. ಹಾಲ್ ನನ್ನನ್ನು ನೋಡಿತು. ಇಬ್ಬರಿಗೂ ಅಳು ಬಂತು.

ನಮ್ಮ ಮನೆಯವರದು ಶಿರಸಿಯಲ್ಲಿ ಪೇಂಟಿನ ಅಂಗಡಿ. ಊರಿನ ಅರ್ಧ ಮನೆಗಳಿಗೆ ಬಣ್ಣ ಹೋದದ್ದು ನಮ್ಮ ಅಂಗಡಿಯಿಂದ. ನಮ್ಮ ಮನೆಗೆ ಮಾತ್ರ ಇನ್ನೂ ಬಂದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಾಲ್‌ನ ಕಿಟಕಿಯ ಎರಡೂ ಬದಿಗೆ ಗೋಡೆ ತಾನಾಗಿಯೇ ಒಂದು ಹಸಿರು ಬಣ್ಣ ಬಳಿದುಕೊಂಡಿತ್ತು.

"ಈ ಸಲಾನಾದ್ರೂ ಪೇಂಟ್ ಮಾಡ್ಸೂಣ" ಅಂದೆ.

"ಮದುವಿ ಮಾಡಿ ಆರು ತಿಂಗಳಾಗಿಲ್ಲ. ಹೊಸಾದು ಏನೂ ಬ್ಯಾಡ" ಅಂದರು. ದಾಸನಕೊಪ್ಪದ ಕಡೆಯವರು. ಬ್ಯಾಡ ಎಂದರೆ ಬ್ಯಾಡವೇ.

ನಾನು ಸಿದ್ದಾಪುರದವಳು. ಬ್ಯಾಡ ಎಂದರೆ ಅಲ್ಲಿಂದ ಶುರು ಮಾಡುವವಳು. ಮೊಬೈಲ್ ತೆಗೆದೆ. 'ಖರ್ಚಿಲ್ಲದೆ ಹಬ್ಬಕ್ಕೆ ಮನೆ ಸಿಂಗರಿಸಿ' ಎಂದು ಹುಡುಕಿದೆ. ಅಬ್ಬಾ, ಎಷ್ಟು ಜನ ಹೆಂಗಸರು ಎಷ್ಟು ನಗುನಗುತ್ತ ಹಳೆ ಬಾಟಲಿಗೆ ದಾರ ಸುತ್ತುತ್ತಿದ್ದಾರೆ! ನಾನೂ ಸುತ್ತಿದೆ. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆ ಶೇಡ್ ಕಾರ್ಡ್‌ಗಳನ್ನು ಕತ್ತರಿಸಿ ಆಕಾಶಬುಟ್ಟಿ ಮಾಡಿದೆ. ಕಿತ್ತಳೆಯೊಂದರಲ್ಲೇ ಎಷ್ಟು ಬಗೆ! ಖಾಲಿ ಪೇಂಟ್ ಬಕೆಟ್ ತಿಕ್ಕಿ ತೊಳೆದು ನೀರು ತುಂಬಿ ಚೆಂಡುಹೂ ತೇಲಿಬಿಟ್ಟೆ. (ಬಕೆಟ್ ಮೇಲಿದ್ದ 'ಹೊರಗೋಡೆಗೆ ಮಾತ್ರ' ಎಂಬ ಅಕ್ಷರ ಹೋಗಲಿಲ್ಲ. ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.)

ಉಳಿದದ್ದು ಗೋಡೆಯ ಹಸಿರು. ಅದಕ್ಕೂ ಒಬ್ಬ ನಗುಮುಖದ ಹೆಂಗಸಿನ ಬಳಿ ಉತ್ತರವಿತ್ತು. 'ಉಡದ ಸೀರೆಗಳಿಂದ ಸುಂದರ ಪರದೆ.'

ಉಡದ ಸೀರೆ! ಯಾರ ಮನೆಯಲ್ಲಿ ಇಲ್ಲ ಹೇಳಿ? ಮದುವೆಮನೆಯಲ್ಲಿ ಉಡುಗೊರೆಯಾಗಿ ಬರುವ ಆಯೇರಿ ಸೀರೆಗಳ ಜಾತಕ ನಿಮಗೆ ಗೊತ್ತೇ ಇದೆ. ಅವನ್ನು ಯಾರೂ ಉಡುವುದಿಲ್ಲ. ಕೊಂಡವರೂ ಉಡುವುದಕ್ಕೆಂದು ಕೊಂಡಿರುವುದಿಲ್ಲ. ನಮ್ಮ ಟ್ರಂಕಿನಿಂದ ನಿಮ್ಮ ಟ್ರಂಕಿಗೆ, ನಿಮ್ಮ ಟ್ರಂಕಿನಿಂದ ನಾದಿನಿಯ ಟ್ರಂಕಿಗೆ ಮಡಿಕೆ ಬಿಚ್ಚದೆ ಊರೂರು ಸುತ್ತುತ್ತವೆ. ನಾನು ಗಂಟು ಬಿಚ್ಚಿದೆ. ಗಿಳಿಹಸಿರು ಸೀರೆ ಕಣ್ಣಿಗೆ ರಾಚಿತು. ಉಡುವುದಕ್ಕೆ ಸ್ವಲ್ಪ ಹೆಚ್ಚೇ ಹಸಿರು. ಗೋಡೆಗಾದರೆ ಪರ್ಫೆಕ್ಟ್ ಮ್ಯಾಚ್.

"ಯಾರ್ ಕೊಟ್ಟಿದ್ದವ್ವಾ ಅದು?" ಅತ್ತೆ ಕೇಳಿದರು.

"ಯಾರೋ ಆಯೇರಿ ಮಾಡಿದ್ದು, ಅತ್ತೆ."

ಪಕ್ಕದ ಮನೆಯ ಮುಮ್ತಾಜ್ ಹೊಲಿಗೆ ಮಿಷನ್ ಇಟ್ಟವಳು. ಸೀರೆಯನ್ನು ಅಡ್ಡಕ್ಕೆ ಕತ್ತರಿಸಿ ಎರಡು ಪರದೆ ಮಾಡಿ, ಮೇಲ್ತುದಿಗೆ ರಾಡ್ ತೂರಿಸುವ ಸ್ಟೀಲಿನ ಬಳೆ ಕೂರಿಸಿದಳು. ಉಳಿದ ಸೆರಗಿನಲ್ಲಿ ಸೋಫಾದ ದಿಂಬಿಗೆ ಕವರು. ಪರದೆ ಹಾಕಿದ ಮೇಲೆ ಅಂಚು ಉದ್ದಕ್ಕೆ ನಿಂತಿತು.

"ಅಕ್ಕಾ, ಆನೆ ಎಲ್ಲ ಗೋಡೆ ಹತ್ತತಾ ಇದ್ದಾವಲ್ಲ?" ಅಂದಳು.

"ಹತ್ಲಿ ಬಿಡೇ. ಹಬ್ಬ ಅಲ್ದಾ?" ಅಂದೆ.

ನಮ್ಮ ಮನೆಯವರು ರಾಡ್ ಬಡಿದರು. ಖರ್ಚಿಲ್ಲ ಎಂದು ಗೊತ್ತಾದ ಮೇಲೆ ಅವರ ಉತ್ಸಾಹ ನೋಡಬೇಕಿತ್ತು.

ಪಾಡ್ಯದ ಸಂಜೆ ಕಾರು ಬಂತು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ಮಗಳು ಇಳಿದಳು, ಅಳಿಯ ಇಳಿದರು, ಹಿಂದಿನಿಂದ ನೀಲಕ್ಕ ಇಳಿದರು. ಎಂಥ ಚಂದದ ಸೀರೆ ಎಂದುಕೊಂಡೆ. ಮರುಕ್ಷಣ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ಅಷ್ಟರಲ್ಲಿ ಆನೆ ಕಂಡಿತು.

ಗಡಿಬಿಡಿಯಲ್ಲಿ ಆರತಿ ಎತ್ತಿ ಮುಗಿಸಿದೆ. ದೀಪವೊಂದು ಆರಿತು. ಆರಿದ್ದಕ್ಕೆ ಯಾರೂ ಗಾಬರಿಯಾಗಲಿಲ್ಲ, ನನ್ನನ್ನು ಬಿಟ್ಟು.

"ಇಲ್ಲೇ ಕೂತ್ಕಳಿ ನೀಲಕ್ಕಾ, ಹೊರಗೆ ಗಾಳಿ ಚೊಲೋ ಇದೆ" ಎಂದು ಜಗುಲಿಯ ಕುರ್ಚಿ ಎಳೆದೆ.

"ಬೀಗತ್ಯಾರ, ಸೊಳ್ಳಿ ಭಾಳ ಅದಾವ್ರೀ. ಒಳಗ ಹೋಗೂಣು" ಅಂದರು.

"ಒಂದು ನಿಮಿಷ!" ಎಂದು ಒಳಗೋಡಿದೆ. ಸ್ಟೂಲ್ ಹತ್ತಿದೆ. ರಾಡ್ ಎಳೆದೆ. ಕದಲಲಿಲ್ಲ. ಯಜಮಾನರು ಭೂಕಂಪವಾದರೂ ಬೀಳದಂತೆ ಬಡಿದಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ, ದೇವರೇ ಕರೆಂಟ್ ಹೋಗಲಿ ಎಂದು ಬೇಡಿಕೊಂಡೆ. ನಮ್ಮೂರಲ್ಲಿ ಮೋಡ ಕಂಡರೆ ಹೋಗುವ ಕರೆಂಟ್ ಅವತ್ತು ಹೋಗಲಿಲ್ಲ.

ನೀಲಕ್ಕ ಒಳಗೆ ಬಂದಾಗ ನಾನು ಸ್ಟೂಲಿನ ಮೇಲೆ ಪರದೆ ತಬ್ಬಿಕೊಂಡು ನಿಂತಿದ್ದೆ.

ಅವರು ಹತ್ತಿರ ಬಂದರು. ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. ತಮ್ಮ ಸೆರಗಿನ ಅಂಚನ್ನು ಅದರ ಪಕ್ಕ ಹಿಡಿದರು. ನಮ್ಮ ಮನೆಯವರು ಪರಿಸ್ಥಿತಿ ಸುಧಾರಿಸಲು "ಕೂಡ್ರಿ, ಕೂಡ್ರಿ" ಎಂದು ದಿಂಬೊಂದನ್ನು ಮುಂದೆ ಹಿಡಿದರು. ಅದರ ಮೇಲೂ ಆನೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಅತಿಥಿ ಪರದೆ ನೋಡುತ್ತಿದ್ದಾರೆ ಎಂದು ಅವರಿಗೆ ಖುಷಿಯೋ ಖುಷಿ. "ನಮ್ಮ ಸೊಸಿ ಭಾಳ ಶ್ಯಾಣ್ಯಾಕಿ. ಯಾರೋ ಆಯೇರಿ ಮಾಡಿದ್ದರ್ರೀ, ಉಡಾಕ ಬರಂಗಿಲ್ಲಂತ ಪರದೆ ಮಾಡ್ಯಾಳ" ಎಂದು ಹೊಗಳಿದರು. ಆಮೇಲೆ ನೀಲಕ್ಕನನ್ನು ಮೇಲಿಂದ ಕೆಳಗೆ ನೋಡಿ, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಕೇಳಿದರು: "ನಿಮಗೂ ಅವರ ಕೊಟ್ಟಾರೇನವ್ವಾ?"

"ಇಲ್ರಿ, ಅತ್ತಿ. ಕೊಟ್ಟಾಕಿ ನಾನ" ಅಂದರು ನೀಲಕ್ಕ.

ಭೂಮಿ ಬಾಯಿ ಬಿಡಬೇಕಿತ್ತು. ನಾನಿದ್ದದ್ದು ಸ್ಟೂಲಿನ ಮೇಲೆ. ಬಿಟ್ಟಿದ್ದರೂ ಮೊದಲು ಸ್ಟೂಲ್ ಇಳಿಯಬೇಕಿತ್ತು.

ಇಳಿದೆ. "ನೀಲಕ್ಕಾ, ನೀವು ಕೊಟ್ಟದ್ದು ಅಂತ ಗೊತ್ತಿರಲಿಲ್ಲ. ಆಯೇರಿ ಗಂಟಿನಲ್ಲಿ ಸೇರಿಹೋಗಿತ್ತು" ಅಂದೆ.

"ಮದುವ್ಯಾಗ ನಿಮ್ಮ ಕೈಯಾಗ ಕೊಟ್ಟು ಹೇಳಿದ್ನಲ್ರೀ" ಅಂದರು. "ಎರಡೂ ಒಂದ ಥರದ್ದು ಬೇಕಂತ ಹುಬ್ಬಳ್ಳ್ಯಾಗ ಅಂಗಡ್ಯಾವನ ತಲಿ ತಿಂದು ತಂದಿದ್ದೆ. ಒಂದು ನಿಮಗ, ಒಂದು ನನಗ. ಮೊದಲ್ನೇ ದೀಪಾವಳಿಗೆ ಇಬ್ರೂ ಉಡೂಣು ಅಂದೆ. ನೀವೂ ಹೂಂ ಅಂದ್ರಿ."

ಹೂಂ ಅಂದಿದ್ದೆ. ನಿಜ. ಪಕ್ಕದಲ್ಲೇ ಬ್ಯಾಂಡ್‌ಸೆಟ್ ಬಾರಿಸುತ್ತಿತ್ತು. ಆ ದಿನ ಯಾರು ಏನು ಹೇಳಿದರೂ ನಾನು ಹೂಂ ಎನ್ನುತ್ತಿದ್ದೆ.

ಅವರು ಕಣ್ಣೊರೆಸಿಕೊಳ್ಳಲಿಲ್ಲ. ಒರೆಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಸೋಫಾದ ತುದಿಯಲ್ಲಿ ದಿಂಬು ತೊಡೆಯ ಮೇಲಿಟ್ಟುಕೊಂಡು ಕೂತು, "ಇರ್ಲಿ ಬಿಡ್ರಿ" ಅಂದರು. ಆ 'ಇರ್ಲಿ ಬಿಡ್ರಿ' ಇದೆಯಲ್ಲ, ಅದನ್ನು ಕೇಳಿದವರಿಗೇ ಗೊತ್ತು.

ಮಗಳು ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದಳು. "ಅಮ್ಮಾ, ನಂಗೆ ಸೊಸೆ ಅಂತ ಒಂದು ದಿನ ಕೆಲಸ ಹೇಳ್ಲಿಲ್ಲ ಅವ್ರು. ಈಗ ಅವ್ರ ಮುಖ ನೋಡು. ನಾಳೆ ಆ ಮನೇಗೆ ಹೋಗೋಳು ನಾನು. ಎಂತ ಹೇಳ್ಲಿ?"

ನಗುಮುಖದ ಹೆಂಗಸರ್ಯಾರೂ ಇದಕ್ಕೆ ವಿಡಿಯೋ ಮಾಡಿರಲಿಲ್ಲ. ಹೊಸ ಸೀರೆ ಕೊಡಲೇ? ಸೀರೆಗೆ ಸೀರೆ ವಾಪಸ್ ಕೊಟ್ಟ ಹಾಗಾಗುತ್ತದೆ. ಕಾಲಿಗೆ ಬೀಳಲೇ? ಅವರಿಗೇ ಮುಜುಗರ. ಮತ್ತೇನು ಮಾಡಲಿ? ಅವರು ಕೇಳಿದ್ದಾದರೂ ಏನು? ಇಬ್ಬರೂ ಒಂದೇ ಸೀರೆ ಉಡೋಣ ಎಂದು. ಅಷ್ಟೇ ತಾನೆ?

ಹಾಲ್‌ಗೆ ಬಂದೆ. "ಪ್ರವೀಣಾ, ನೀವು ಎತ್ತರ ಇದ್ದೀರಿ. ಆ ರಾಡ್ ಸ್ವಲ್ಪ ಇಳಿಸಿಕೊಡ್ತೀರಾ?" ಅಂದೆ.

ಮೊದಲ ದೀಪಾವಳಿಗೆ ಬಂದ ಅಳಿಯ ಚಹಾ ಕುಡಿಯುವುದಕ್ಕೂ ಮೊದಲು ಸ್ಟೂಲ್ ಹತ್ತಿದರು. ಮಾವ ಕೆಳಗೆ ಸ್ಟೂಲ್ ಹಿಡಿದರು. ರಾಡ್ ಕಿತ್ತು ಬಂತು, ಜೊತೆಗೆ ಒಂದು ಹಿಡಿ ಗೋಡೆಯೂ ಬಂತು.

ಮುಮ್ತಾಜಳಿಗೆ ಕೂಗಿದೆ. ಅವಳು ಪಿನ್ನಿನ ಡಬ್ಬಿ ಹಿಡಿದು ಓಡಿಬಂದಳು. ಒಳಕೋಣೆಯಲ್ಲಿ ಎರಡೂ ಪರದೆ ತುದಿಗೆ ತುದಿ ಸೇರಿಸಿ ಪಿನ್ ಹಾಕಿದಳು. "ನೆರಿಗೆ ಸಾಲೂದಿಲ್ಲ ಅಕ್ಕಾ." "ಇದ್ದಷ್ಟೇ ಸಾಕು." "ಬಳೆ ತೆಗೀಲಾ?" "ಟೈಮಿಲ್ಲ ಮಾರಾಯ್ತಿ, ಇರ್ಲಿ." ಸೆರಗು ಎಲ್ಲಿ? ಸೆರಗು ಸೋಫಾದ ಮೇಲಿತ್ತು, ದಿಂಬಾಗಿ ನೀಲಕ್ಕನ ತೊಡೆಯಲ್ಲಿ.

ನಾನು ಪರದೆ ಉಟ್ಟು ಹೊರಗೆ ಬಂದೆ.

ಸೊಂಟದ ಬಳಿ ಒಂದು ಸಾಲು ಸ್ಟೀಲ್ ಬಳೆ, ಭುಜದ ಮೇಲೆ ಇನ್ನೊಂದು ಸಾಲು. ಹೆಜ್ಜೆ ಇಟ್ಟರೆ ಎತ್ತಿನ ಗಾಡಿ ಬಂದ ಹಾಗೆ ಸದ್ದು. ನಾನು ನೇರ ಹೋಗಿ ನೀಲಕ್ಕನ ಪಕ್ಕ ಕೂತೆ. "ಉಡೂಣು ಅಂದಿದ್ರಲ್ಲ. ಉಟ್ಟೆ. ಸ್ವಲ್ಪ ಲೇಟಾಯ್ತು" ಅಂದೆ.

ಅವರು ನನ್ನ ಭುಜದ ಬಳೆಗಳನ್ನು ನೋಡಿದರು. ಒಂದರೊಳಗೆ ಬೆರಳು ತೂರಿಸಿ ನೋಡಿದರು. ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಆಮೇಲೆ ಒಂದು ನಗು ಹೊರಬಿತ್ತು ನೋಡಿ, ಹೈವೇಯ ಲಾರಿಗಳ ಸದ್ದನ್ನು ಮೀರಿ ಆರ್ಡರ್ ಕೂಗಿ ಪಳಗಿದ ಗಂಟಲಿನ ನಗು! ನಗುತ್ತ ನಗುತ್ತ ನನ್ನ ತೋಳಿಗೆ ಎರಡು ಏಟು ಹಾಕಿದರು. "ಸುಳ್ಳು ಯಾಕ ಹೇಳ್ಲಿ, ಮನಸಿಗೆ ಚುಚ್ಚಿತ್ರಿ. ಆದ್ರ ಪರದೆ ಉಟ್ಕೊಂಡು ಬರೂ ಬೀಗತಿ ಯಾರಿಗೆ ಸಿಗ್ತಾಳ್ರೀ!" ಈಗ ಅವರ ಕಣ್ಣಲ್ಲೂ ನೀರು. ಮಗಳ ಕಣ್ಣಲ್ಲೂ. ಅಳಿಯ ಫೋಟೋ ತೆಗೆದರು. ಮುಮ್ತಾಜಳೂ ಬಂದು ನಡುವೆ ಕೂತಳು. ಅತ್ತೆ ಮಾತ್ರ ಇನ್ನೂ, "ಹಂಗಾದ್ರ ಇದು ಉಡಾಕ ಬರತೈತಲ್ಲ?" ಎನ್ನುತ್ತಿದ್ದರು.

ನಗು ನಿಂತ ಮೇಲೆ ಎಲ್ಲರ ಕಣ್ಣೂ ಬೋಳು ಕಿಟಕಿಯ ಕಡೆ ಹೋಯಿತು. ಎರಡೂ ಬದಿಯ ಪಾಚಿಗೋಡೆ ದೀಪದ ಬೆಳಕಿನಲ್ಲಿ ತಣ್ಣಗೆ ಹೊಳೆಯುತ್ತಿತ್ತು.

"ಇದು ಯಾವ ಬಣ್ಣಾರೀ, ಬೀಗರ?" ನೀಲಕ್ಕ ಕೇಳಿದರು.

"ಶಿರಸಿ ಮಳಿ" ಅಂದರು ನಮ್ಮ ಪೇಂಟ್ ಅಂಗಡಿ ಮಾಲೀಕರು.

ಊಟಕ್ಕೆ ನೆಲದ ಮೇಲೆ ಬಾಳೆಲೆ ಹಾಕಿದೆವು. ಹೋಳಿಗೆ, ಕೋಸಂಬರಿ, ಉಪ್ಪುನೀರಿನಲ್ಲಿಟ್ಟಿದ್ದ ಮಾವಿನ ಅಪ್ಪೆಮಿಡಿ ತೆಗೆದು ಮಾಡಿದ ಅಪ್ಪೆಹುಳಿ. ನೀಲಕ್ಕ ಎರಡು ತುತ್ತು ಉಣ್ಣುವಷ್ಟರಲ್ಲಿ ಎದ್ದು ನಿಂತರು, ಸೌಟಿಗೆ ಕೈ ಚಾಚುತ್ತ. ಅಭ್ಯಾಸ. ಅತ್ತೆ ಅವರ ಭುಜ ಹಿಡಿದು ಒತ್ತಿ ಕೂರಿಸಿದರು. "ಕುಂದರವ್ವಾ. ಇದೇನು ನಿಮ್ಮ ಖಾನಾವಳಿ ಅಲ್ಲ."

ಅವರು ಕೂತರು. ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಮತ್ತೆ ಮತ್ತೆ ಕುಡಿದರು. ಕೊನೆಗೆ ಎಲೆ ನೋಡುತ್ತಲೇ ಹೇಳಿದರು: "ದಿನಾ ಊರಿಗೆಲ್ಲಾ ಬಡಿಸ್ತೀನ್ರಿ. ನನ್ನ ಕುಂದ್ರಿಸಿ ಯಾರರ ಬಡಿಸಿದ್ದು, ಬಿಸಿ ಅನ್ನ ಬಿಸಿ ಇದ್ದಾಗ ಉಂಡಿದ್ದು ಯಾವಾಗಂತ ನೆನಪಿಲ್ಲ."

ನಾನು ಹಬ್ಬಕ್ಕೆ ಮುಂಚಿನ ದಿನಗಳನ್ನೆಲ್ಲ ಗೋಡೆ ಮುಚ್ಚುವುದರಲ್ಲಿ ಕಳೆದಿದ್ದೆ. ಬಾಟಲಿಗೆ ದಾರ, ದಿಂಬಿಗೆ ಕವರು, ಬಕೆಟ್ಟಿಗೆ ಹೂ. ಬರುವವರು ದಣಿದಿರಬಹುದು, ಅವರಿಗೆ ಕೂರುವುದು ಬೇಕಾಗಿರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ನಾವು ಹೆಂಗಸರೇ ಹೀಗೆಯೇ? ಮನೆಗೆ ಜನ ಬರುತ್ತಾರೆಂದರೆ ಜನರನ್ನು ಬಿಟ್ಟು ಮನೆಯನ್ನೇ ನೋಡಿಕೊಳ್ಳುತ್ತೇವೆ. ದುಡ್ಡಿದ್ದವರು ದುಡ್ಡು ಸುರಿಯುತ್ತಾರೆ, ನಮ್ಮಂಥವರು ಕತ್ತರಿ ಹಿಡಿಯುತ್ತೇವೆ.

ನೀವೂ ಮುಂದಿನ ಹಬ್ಬಕ್ಕೆ ಕತ್ತರಿ ಹುಡುಕುತ್ತಿದ್ದೀರಿ ಎಂದು ನನಗೆ ಗೊತ್ತು. ಹಿಡಿಯಿರಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮುನ್ನ ನನ್ನದೊಂದು ಪ್ರಶ್ನೆಗೆ ಉತ್ತರಿಸಿ.

ಕಳೆದ ಸಲ ನೀವು ಹಬ್ಬದೂಟಕ್ಕೆ ಹೋಗಿದ್ದಿರಲ್ಲ, ಆ ಮನೆಯ ಪರದೆ (ಅದು ನೀವೇ ಕೊಟ್ಟ ಸೀರೆಯಾಗಿದ್ದರೆ ಮಾತು ಬೇರೆ) ಯಾವ ಬಣ್ಣದ್ದಿತ್ತು, ನೆನಪಿದೆಯೇ?