ಅವ್ವ ತಿಕ್ಕಿದ ಹಿತ್ತಾಳೆ ಆನೆಗಳು

ಜಗತ್ ಸರ್ಕಲ್‌ನ ಹಳೆ ಸಾಮಾನಿನ ಅಂಗಡಿಯವನು ನಮ್ಮ ಎರಡೂ ಆನೆಗಳಿಗೆ ಆಯಸ್ಕಾಂತ ಹಿಡಿದ. ಅಂಟಲಿಲ್ಲ.

"ಅಸಲಿ ಹಿತ್ತಾಳಿ ರೀ. ಪುಸ್ತಕ ಬೀಳದಂಗ ಆಜೂಬಾಜೂ ಇಡೋವು. ಖರೆ ಕಣ್ಣು-ಮೂಗು ಸವದಾವ. ಹಳೀ ಕಪ್ಪು ಹಂಗೇ ಇದ್ದಿದ್ರ ಭಾರಿ ಕಿಮ್ಮತ್ತಿತ್ತು. ಯಾರ್ರೀ ಹಿಂಗ ತಿಕ್ಕಿದವ್ರು?"

ಅವ್ವ. ಕಮಲಾಪುರದ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವುಗಳ ನಡುವೆ ನನ್ನ ನಾಲ್ಕನೇ ಕ್ಲಾಸಿನ ಪುಸ್ತಕಗಳಿದ್ದವು. ನಾನು ಶಾಲೆ ಬಿಟ್ಟ ಮೇಲೆ ಪುಸ್ತಕ ಪಕ್ಕದ ಮನೆಗೆ ಹೋದವು. ಆನೆಗಳನ್ನು ಮಾತ್ರ ಅವ್ವ ಮೊದಲಿನಷ್ಟೇ ದೂರ ಇಡುತ್ತಿದ್ದಳು.

"ಯಾಕವ್ವ, ಎರಡೂ ಜಗಳಾಡ್ಯಾವೇನು?" ಎಂದು ನಗಿಸಲು ನೋಡಿದೆ.

"ನೀ ಮತ್ತ ಸಾಲಿಗಿ ಹೋದ್ರ ಜಾಗ ಬೇಕಲ್ಲೋ."

ನಾನು ಹೋಗಲೇ ಇಲ್ಲ. ಅವ್ವ ಇರುವವರೆಗೂ ಆ ಜಾಗ ಖಾಲಿಯೇ ಇತ್ತು.

ಅಂಗಡಿಯವನಿಗೆ "ಮಾರಂಗಿಲ್ಲ ರೀ" ಎಂದು ವಾಪಸ್ ತಂದೆ. ಇಷ್ಟು ಬರೆಯಲು ಮಗಳಿಗೆ ಮೂರು ಸಲ ಕಾಗುಣಿತ ಕೇಳಿದ್ದೇನೆ.

"ಪಪ್ಪಾ, ಸಾಕು ಬಾ, ರೊಟ್ಟಿ ಆರಾಕತ್ತಾವ" ಎನ್ನುತ್ತಿದ್ದಾಳೆ. ಏಳುತ್ತೇನೆ.