ತಿರುವಿನಲ್ಲಿ ಸಿಕ್ಕಿಕೊಂಡ ದಳವಾಯಿ

ನಮ್ಮ ಬೀದಿಯ ಸೂಲಗಿತ್ತಿಗೆ ದಳವಾಯಿ ಎಂಬ ಅಡ್ಡಹೆಸರು ಬಂದದ್ದು ಆಕೆಯ ಗಂಟಲಿನಿಂದ. ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಮನೆಯ ಕೆಳಭಾಗವನ್ನೇ ಹೆರಿಗೆ ಕೇಂದ್ರ ಮಾಡಿಕೊಂಡವಳು. ಒಳಗಿನಿಂದ ಆಕೆ "ಉಸಿರು ಬಿಡು" ಎಂದರೆ ಎದುರುಮನೆಯ ದರ್ಜಿಯೂ ಉಸಿರು ಬಿಡುತ್ತಿದ್ದ. ಕೈಗುಣ ಒಳ್ಳೆಯದು. ಜಂಬ ಅದಕ್ಕಿಂತ ಒಂದು ಹಿಡಿ ಹೆಚ್ಚು. ಮೀಸೆಯೊಂದಿದ್ದಿದ್ದರೆ ದಿನಕ್ಕೆರಡು ಸಲ ತಿರುವುತ್ತಿದ್ದಳು.

ಹೀಗಿರುವಾಗ ಇಂಥ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. ಸಿಗದಿದ್ದರೆ ಬಾಗಿಲು ಮುಚ್ಚಬೇಕು. ಅಪಾಯ ಬಂದರೆ ಬಸುರಿಯನ್ನು ಮಂಚದಿಂದ ಆಂಬುಲೆನ್ಸಿನವರೆಗೆ ಮಲಗಿಸಿಕೊಂಡೇ ಒಯ್ಯುವಂತಿರಬೇಕು ಎಂಬುದು ಒಂದು ನಿಯಮ. ದಳವಾಯಿ ಗಂಡ, ಮೈದುನ, ನಾದಿನಿ ಎಂಬ ಮಹಾಸೈನ್ಯ ಕಟ್ಟಿ ಕವಾಯತು ಶುರುಮಾಡಿದಳು. ಸ್ಟ್ರೆಚರ್ ಹೊತ್ತ ಸೈನ್ಯ ಕಾರಿಡಾರಿನ ಮೂಲೆಯನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ದಾಟುತ್ತಿತ್ತು. ಮೂಲೆ ಬಂದಾಗ ಖಾಲಿ ಸ್ಟ್ರೆಚರನ್ನು ಏಣಿಯಂತೆ ನೆಟ್ಟಗೆ ನಿಲ್ಲಿಸಿ ತಿರುಗಿಸುತ್ತಿದ್ದರು. ಅದರಲ್ಲೇನು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ಮೆಲುದನಿಯ ಹೆಂಗಸು. ಕುದಿಸಿಟ್ಟ ಕತ್ತರಿ, ಆಮ್ಲಜನಕದ ಸಿಲಿಂಡರ್, ಒಗೆದ ಬಟ್ಟೆ ಎಲ್ಲ ನೋಡಿ ತಲೆದೂಗಿದರು. ಬೆಂಚಿನ ಮೇಲೆ ದಿನ ತುಂಬಿದ ಬಸುರಿಯೊಬ್ಬಳು ಅತ್ತೆಯ ಜೊತೆ ಕೂತು ತಮಾಷೆ ನೋಡುತ್ತಿದ್ದಳು.

"ಈಗ ಯಾರನ್ನಾದ್ರೂ ಮಲಗಿಸಿ ಒಯ್ದು ತೋರಿಸಿ," ಎಂದರು ಅಧಿಕಾರಿ.

ನಾದಿನಿ ಮಲಗಿದಳು. ದಂಡು ಹೊರಟಿತು. ಮೂಲೆಯಲ್ಲಿ ಸ್ಟ್ರೆಚರ್ ಎರಡೂ ಗೋಡೆಗೆ ಕಚ್ಚಿಕೊಂಡಿತು. ರೂಢಿಯ ಬಲದಿಂದ ಗಂಡ ತನ್ನ ತುದಿಯನ್ನು ಮೇಲೆತ್ತತೊಡಗಿದ.

"ಅಣ್ಣಾ, ಮೇಲೆ ನಾನಿದೀನಿ ಕಣೋ."

"ಅಕ್ಕ, ಒಂಚೂರು ಮಡಚ್ಕೋ," ಎಂದ ಮೈದುನ.

"ನಾನೇನು ಛತ್ರಿನಾ?"

ಬೆಂಚಿನ ಮೇಲಿದ್ದ ಬಸುರಿ ಹೊಟ್ಟೆ ಹಿಡಿದು ನಕ್ಕಳು. ನಗು ನಿಲ್ಲಿಸಿ ದಳವಾಯಿಯ ಕಡೆ ತಿರುಗಿದಳು. "ಅಕ್ಕ, ಅದರ ಮೇಲೆ ನಾನಿದ್ದಿದ್ರೆ?"

ದಳವಾಯಿಯ ಕಿವಿ ಬಿಸಿಯಾಯಿತು. ಒಳಗಿನ ಹೆರಿಗೆ ಮಂಚದ ಮೇಲೆ ಮಲಗಿ ಎದ್ದು ಹೋದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ತನ್ನ ಕೈಗುಣವೆಂದು ಮೆರೆದದ್ದರಲ್ಲಿ ಅವರ ಅದೃಷ್ಟದ ಪಾಲೆಷ್ಟೋ.

ಗಂಡ ಅವಸರದಿಂದ ಹೇಳಿದ: "ಮೇಡಂ, ನಿಜವಾಗ್ಲೂ ಅಂಥ ಹೊತ್ತು ಬಂದ್ರೆ ಬೆಡ್‌ಶೀಟಲ್ಲಿ ಸುತ್ತಿ ಎತ್ಕೊಂಡು ಓಡ್ತೀವಿ."

ಅಧಿಕಾರಿ ದಳವಾಯಿಯ ಕಡೆ ತಿರುಗಿದರು. "ನೀವೇನಂತೀರಿ?"

ಹೂಂ ಎಂದರೆ ಕೇಂದ್ರ ಉಳಿದೀತು ಎಂದು ಎಲ್ಲರಿಗೂ ತಿಳಿಯಿತು. ಆಕೆ ನೆಲ ನೋಡಿದಳು.

"ಆಗಲ್ಲ ಮೇಡಂ. ರಕ್ತ ಹೋಗ್ತಿರೋಳನ್ನ ಹಾಗೆ ಮಡಚಿ ಓಡಬಾರ್ದು. ಸ್ಟ್ರೆಚರ್ ತಿರುಗಲ್ಲ ಅಂತಲೇ ಬರ್ಕೊಳ್ಳಿ. ಗೋಡೆ ಒಡೆಸಿ ಮತ್ತೆ ಕರೀತೀನಿ."

ಆಮೇಲೆ ಬಸುರಿಯ ಮುಂದೆ ನಿಂತಳು. "ನಿಂದು ಆಸ್ಪತ್ರೇಲೇ ಆಗ್ಲಿ ಮಗಾ. ನಾನೂ ಬರ್ತೀನಿ, ಒಳಗೆ ಬಿಟ್ರೆ."

"ಇಷ್ಟು ದಿನ ಇಲ್ಲೇನೂ ಭಯವಿಲ್ಲ ಅಂತ ಸಾರ್ತಿದ್ರಲ್ಲ," ಎಂದಳು ಅತ್ತೆ.

"ಸಾರ್ತಿದ್ದೆ."

ಅತ್ತೆ ದಳವಾಯಿಯ ಮುಖ ನೋಡಿ ಸೊಸೆಯ ಚೀಲ ಕೈಗೆತ್ತಿಕೊಂಡಳು.

"ಅತ್ತಿಗೆ," ಮೂಲೆಯಿಂದ ಸ್ವರ ಬಂತು, "ನಾನೀಗ ಇಳೀಲಾ?"

ದಳವಾಯಿ ಹೋಗಿ ನಾದಿನಿಯ ಕೈ ಹಿಡಿದು ಇಳಿಸಿದಳು. ಆ ಹೊತ್ತಿನಲ್ಲಿ ನಾಚಿಕೆಯಿಲ್ಲದೆ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಆಕೆಗೆ ಸಾಧ್ಯವಿದ್ದದ್ದು ನಾದಿನಿಯೊಬ್ಬಳನ್ನೇ.